ಬರೆಯ ಕಡೆಗೊಂದು ಗಟರ್, ಅಂಗಳದ ಕಡೆಗೆ ಬರಿಯ ಸೂರು

ಜೂನ್ ತಿಂಗಳ ಮೂರನೇ ವಾರ. ರಾತ್ರಿಯಿಡೀ ಹೊಡೆದ ಮಳೆ ಬೆಳಿಗ್ಗೆ ಹತ್ತು ನಿಮಿಷ ಬಿಡುವು ಕೊಟ್ಟಿತ್ತು. ಆ ಹತ್ತು ನಿಮಿಷದಲ್ಲೇ ಯಜಮಾನರು ಹಿತ್ತಿಲ ಗೋಡೆಗೆ ಏಣಿ ಒರಗಿಸಿ, ಹಳೇ ಕುಡುಗೋಲು ಹಿಡಿದು, ಮಾಡಿನಂಚಿನ ನೀರು ಹಿಡಿಯುವ ಗಟರ್‌ನ ಕಸ ಕೆರೆಯಲು ಹತ್ತಿದರು. ಕೆಳಗೆ ಪಾಚಿ ಕಟ್ಟಿದ ಸಿಮೆಂಟು ನೆಲ. ಏಣಿಯ ಕಾಲು ಜಾರಿತು. ಬಲಗೈ ಮಣಿಕಟ್ಟು ಮುರಿಯಿತು. ಅವರಿಗೆ ಆಗ 74 ವರ್ಷ.

ಮರುದಿನ ಬೆಂಗಳೂರಿನಿಂದ ಅವರ ಮಗನ ಫೋನು. ಮಡಿಕೇರಿಯಲ್ಲಿ ಮನೆ ರಿಪೇರಿ ಕೆಲಸ ಮಾಡಿಸುವವನು ನಾನು. ಹೆಂಚು, ಗಟರ್, ಸೋರುವ ತಾರಸಿ, ಇಂಥವೇ. ಮಗ ಹೇಳಿದ್ದು ಇಷ್ಟೇ: ‘ಖರ್ಚು ಎಷ್ಟಾದರೂ ಆಗಲಿ, ಗಟರ್ ಮೇಲೆ ಜಾಲರಿ ಹಾಕಿಬಿಡಿ, ಅಪ್ಪ ಇನ್ನು ಏಣಿ ಹತ್ತಬಾರದು.’ ಇದರಲ್ಲಿ ಬೇಡಿಕೆ ಒಂದು, ಪರಿಹಾರ ಒಂದು, ಎರಡೂ ಒಟ್ಟಿಗೆ ಬಂದಿದ್ದವು. ಬೇಡಿಕೆ ಸರಿಯಾಗಿತ್ತು. ಪರಿಹಾರವನ್ನು ನಾನೂ ಯೋಚಿಸದೆ ಒಪ್ಪಿಕೊಂಡೆ. ಅದು ನನ್ನ ತಪ್ಪು.

ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಚೇರಂಬಾಣೆ ಸುತ್ತಿನ ಒಂದು ಕಾಫಿ ತೋಟದೊಳಗೆ. ಕುಶಾಲನಗರದ ಕಡೆ ಇಡೀ ಮಳೆಗಾಲಕ್ಕೆ ಬೀಳುವಷ್ಟು ನೀರು ಇಲ್ಲಿ ಜುಲೈ ಒಂದರಲ್ಲೇ ಬಿದ್ದುಬಿಡುವುದುಂಟು. ಮನೆಗೆ ಎರಡು ಇಳಿಜಾರಿನ ಮಂಗಳೂರು ಹೆಂಚಿನ ಮಾಡು. ಸೂರಿನಿಂದ ಸೂರಿಗೆ ಅಳೆದರೆ ಉದ್ದ 50 ಅಡಿ, ಅಗಲ 32 ಅಡಿ. ಮುಂದೆ ಕಾಫಿ ಒಣಗಿಸುವ ಅಂಗಳ. ಹಿಂದೆ ಬರೆ, ಅಂದರೆ ಕಡಿದ ಗುಡ್ಡದ ನೆಟ್ಟಗಿನ ಮಣ್ಣುಗೋಡೆ. ಗುಡ್ಡ ಕಡಿದು ಮನೆ ಜಾಗ ಮಾಡಿದ್ದರಿಂದ ಹಿಂಗೋಡೆಗೂ ಬರೆಗೂ ನಡುವೆ ನಾಲ್ಕೂವರೆ ಅಡಿ ಓಣಿ, ಬರೆಯ ಎತ್ತರ ಸುಮಾರು 12 ಅಡಿ. ಓಣಿಯ ಒಂದು ಬದಿಗೆ ಸೂರಿನಡಿ ಸೌದೆ ಒಟ್ಟಿದ್ದಾರೆ. ಬಡಗಣ ಮೂಲೆಯಲ್ಲಿ ಒಂದು ಹಲಸು. ಬರೆಯ ಮೇಲೆ ಸಾಲಾಗಿ ಸಿಲ್ವರ್ ಓಕ್, ಪ್ರತಿ ಮರಕ್ಕೂ ಕಾಳುಮೆಣಸಿನ ಬಳ್ಳಿ.

ಹಳೆಯ ಗಟರ್ ಜಿಐ ತಗಡಿನದು, ಅಂದರೆ ಸತು ಬಳಿದ ಕಬ್ಬಿಣದ್ದು, ಮುಂದೆ ಒಂದು, ಹಿಂದೆ ಒಂದು. ನಾಲ್ಕಿಂಚಿನ ಅರ್ಧಗೋಲ, ಕೊನೆಯಲ್ಲೊಂದು ಮೂರಿಂಚಿನ ಪೈಪು. ಹಿಂದಿನದು ಮೂರು ಕಡೆ ತುಕ್ಕು ತಿಂದು ತೂತಾಗಿತ್ತು, ನಡುವೆ ಎಮ್ಮೆ ಬೆನ್ನಿನ ಹಾಗೆ ಜೋಲಿತ್ತು. ಅದರ ನೀರೆಲ್ಲ ಅಡುಗೆಮನೆಯ ಹಿಂಗೋಡೆಯ ಬುಡಕ್ಕೂ ಬರೆಯ ಬುಡಕ್ಕೂ ಬೀಳುತ್ತಿತ್ತು. ಅಡುಗೆಮನೆಯ ಒಳಗೋಡೆಯಲ್ಲಿ ನೆಲದಿಂದ ಎರಡಡಿ ಸುಣ್ಣ ಉದುರಿತ್ತು. ಅದು ಮನೆಯಾಕೆಯ ದೂರು. ನನಗೆ ಗಾಬರಿಯಾದದ್ದು ಬರೆಯ ಬುಡ ನೋಡಿ. 2018ರ ಆಗಸ್ಟ್ ತಿಂಗಳ ಭೂಕುಸಿತಗಳಾದಮೇಲೆ ಈ ಜಿಲ್ಲೆಯಲ್ಲಿ ಹಸಿ ಬರೆಯನ್ನು ಹಗುರವಾಗಿ ನೋಡುವವರು ಯಾರೂ ಇಲ್ಲ.

ಕಸವನ್ನು ಗೋಣಿಚೀಲದ ಮೇಲೆ ಹರಡಿದಾಗ

ಗಟರ್ ರಿಪೇರಿಗೆ ಕೈ ಹಾಕುವ ಮುಂಚೆ ಅದರೊಳಗಿನದನ್ನು ಬಕೆಟಿಗೆ ತುಂಬಿಸಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಹರಡಿದೆ. ಈ ಕೆಲಸ ಎಲ್ಲರೂ ಮಾಡಬೇಕು. ಜಾಲರಿ ಮಾರುವವರು ‘ಎಲೆ’ ಎನ್ನುತ್ತಾರೆ, ಯಾವ ಎಲೆ ಎಂದು ಕೇಳುವುದಿಲ್ಲ.

ಮೇಲ್ಪದರದಲ್ಲಿ ಹಲಸಿನೆಲೆ. ದಪ್ಪ, ಚರ್ಮದಂಥದ್ದು, ಒಂದೊಂದೂ ಇಡಿಯಾಗಿ. ಕೈಯಲ್ಲಿ ಎತ್ತಿದರೆ ಬಂತು. ಅದರಡಿ ಸಿಲ್ವರ್ ಓಕ್. ಈ ಎಲೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಜರಿಗಿಡದ ಗರಿಯ ಹಾಗೆ ಸೀಳುಸೀಳು, ಮೇಲೆ ಹಸಿರು, ಅಡಿಗೆ ಬೆಳ್ಳಿ. ಒಣಗಿದರೆ ಸುರುಳಿ ಸುತ್ತಿ, ಮುಟ್ಟಿದರೆ ಅರ್ಧ ಇಂಚು, ಕಾಲು ಇಂಚಿನ ಚೂರಾಗುತ್ತದೆ. ಆ ಚೂರುಗಳು ನೆನೆದು ಒಂದರ ಮೇಲೊಂದು ಅಂಟಿ ಕಂಬಳಿಯಾಗಿದ್ದವು. ನಿಜವಾಗಿಯೂ ಕಂಬಳಿ, ಒಂದು ತುದಿ ಹಿಡಿದು ಎತ್ತಿದರೆ ಒಂದಡಿ ಉದ್ದಕ್ಕೆ ಹಾಗೇ ಎದ್ದು ಬಂತು. ಅದರ ನಡುವೆ ಸಿಲ್ವರ್ ಓಕಿನ ಕಿತ್ತಳೆ ಹೂವು, ಬಾಚಣಿಗೆಯ ಹಲ್ಲಿನಂತೆ. ತಳದಲ್ಲಿ ಎರಡು ಬೆರಳು ದಪ್ಪ ಕೆಂಪು ಕೆಸರು. ಅದು ಎಲೆಯಲ್ಲ. ಹೆಂಚಿನ ಮೇಲಿನ ಪಾಚಿ ಮತ್ತು ಹೆಂಚಿನದೇ ಸವೆದ ಪುಡಿ. ಆ ಕೆಸರಲ್ಲಿ ಎರಡೆಲೆಯ ಹಾಲುವಾಣದ ಸಸಿಯೊಂದು ನೆಟ್ಟಗೆ ನಿಂತಿತ್ತು. ಮನೆಯಾಕೆ ಅದನ್ನು ಎತ್ತಿ ನೋಡಿ, ‘ಇದಕ್ಕೊಂದು ಮೆಣಸಿನ ಬಳ್ಳಿ ಹಬ್ಬಿಸಬಹುದಿತ್ತು’ ಎಂದರು. ಗಂಡನ ಕೈಗೆ ಪ್ಲಾಸ್ಟರ್ ಹಾಕಿ ಒಂದು ವಾರವಾಗಿತ್ತಷ್ಟೆ.

ಪೈಪಿನ ಬಾಯಿಯ ಮೊದಲ ಬೆಂಡಿನಲ್ಲಿ, ಅಂದರೆ ತಿರುವಿನಲ್ಲಿ, ಹಲಸಿನ ತೊಟ್ಟು ಅಡ್ಡ ಸಿಕ್ಕಿ, ಅದರ ಹಿಂದೆ ಸಿಲ್ವರ್ ಓಕಿನ ಚೂರು ಬಿರಡೆ ಹಾಕಿದಂತೆ ಗಿಡಿದುಕೊಂಡಿತ್ತು. ನನ್ನ ಅನುಭವದಲ್ಲಿ ಗಟರ್ ಕಟ್ಟಿಕೊಳ್ಳುವುದಕ್ಕಿಂತ ಬೆಂಡು ಕಟ್ಟಿಕೊಳ್ಳುವುದೇ ಹೆಚ್ಚು. ಗಟರ್‌ನಲ್ಲಿ ಕಸ ಕಣ್ಣಿಗಾದರೂ ಕಾಣುತ್ತದೆ.

ಎಲೆಗೆ ಬೈದದ್ದು ಅರ್ಧ ಅನ್ಯಾಯ

ಕೊಡಗಿನಲ್ಲಿ ಮಳೆಯನ್ನು ಇಂಚಿನಲ್ಲೇ ಹೇಳುತ್ತೇವೆ. ಯಜಮಾನರೂ ತೋಟದ ಮಳೆಮಾಪಕದ ಲೆಕ್ಕ ಬರೆದಿಟ್ಟ ಪುಸ್ತಕ ತೋರಿಸಿದರು, ‘ಒಂದು ದಿನ ಆರೂವರೆ ಇಂಚು ಬಂದಿದೆ, ನೋಡಿ’ ಎಂದು. ಆದರೆ ಗಟರ್‌ಗೆ ದಿನದ ಇಂಚು ಲೆಕ್ಕಕ್ಕಿಲ್ಲ. ಆರೂವರೆ ಇಂಚು ಎಂದರೆ 165 ಮಿಲಿಮೀಟರ್. 24 ಗಂಟೆಗೆ ಹಂಚಿದರೆ ಗಂಟೆಗೆ ಆರು ಮಿಲಿಮೀಟರ್ ಚಿಲ್ಲರೆ. ಅಷ್ಟನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯೂ ಸಾಗಿಸೀತು. ಗಟರ್ ಸೋಲುವುದು ಕಾಲು ಗಂಟೆಯ ಹೊಡೆತಕ್ಕೆ. ಆ ಹೊಡೆತ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಜಡಿಮಳೆಯಲ್ಲಿ ಬರುವುದಕ್ಕಿಂತ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಬರುವುದು ಹೆಚ್ಚು. ಸಿಲ್ವರ್ ಓಕ್ ಎಲೆ ಉದುರಿಸುವುದು ಡಿಸೆಂಬರಿನಿಂದ ಮಾರ್ಚಿನವರೆಗೆ. ಅಂದರೆ ವರ್ಷದ ಅತಿ ಜೋರಿನ ಕಾಲು ಗಂಟೆ ಬರುವ ಹೊತ್ತಿಗೆ ಗಟರ್ ಒಣ ಎಲೆಯಿಂದ ಭರ್ತಿ. ಜನ ಮಾತ್ರ ಗಟರ್ ತೊಳೆಯುವುದು ಜೂನ್ ಬಂದಮೇಲೆ, ಒದ್ದೆ ನೆಲದ ಮೇಲೆ ಏಣಿ ಇಟ್ಟು.

ಲೆಕ್ಕ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಈ ಮಾಡಿನ ಒಂದು ಮಗ್ಗುಲು 50ಕ್ಕೆ 16 ಅಡಿ, 800 ಚದರಡಿ, ಸುಮಾರು 74 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ವೇಗದ ಹೊಡೆತ ಹಿಡಿದರೆ ಸೆಕೆಂಡಿಗೆ ಎರಡು ಲೀಟರ್. ನಾಲ್ಕಿಂಚಿನ ಅರ್ಧಗೋಲ ಗಟರ್ ಮಟ್ಟವಾಗಿ ಕೂತಿದ್ದರೆ ಒಯ್ಯುವುದು ಸೆಕೆಂಡಿಗೆ ಒಂದು ಲೀಟರಿಗಿಂತ ಕಡಿಮೆ. ಪೈಪಿನ ಕತೆ ಇನ್ನೂ ಕಷ್ಟ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದ ಪ್ರಕಾರ ಇಂಥ ಮಳೆಗೆ 75 ಮಿಲಿಮೀಟರ್ ಪೈಪು ಸುಮಾರು 20 ಚದರ ಮೀಟರ್ ಮಾಡಿಗೆ ಸಾಕು, 100 ಮಿಲಿಮೀಟರಿನದು ಸುಮಾರು 43ಕ್ಕೆ. ಇಲ್ಲಿ 74 ಚದರ ಮೀಟರಿಗೆ ಒಂದೇ ಒಂದು ಮೂರಿಂಚಿನ ಪೈಪು!

ಎಂದರೆ ಒಂದೇ ಒಂದು ಎಲೆ ಬೀಳದಿದ್ದರೂ ಆ ಗಟರ್ ತುಂಬಿ ಹೊರಚೆಲ್ಲುತ್ತಿತ್ತು. 30 ವರ್ಷ ಆ ಮನೆಯವರು ಎಲೆಗೆ ಬೈಯುತ್ತ ಬಂದಿದ್ದರು.

ಈ ಲೆಕ್ಕವನ್ನು ಜಾಲರಿಯ ಮಾತಿಗೂ ಮುಂಚೆ ಮಾಡಬೇಕಿತ್ತು. ನಾನು ಮಾಡಿದ್ದು ಆಮೇಲೆ. ಮೊದಲು ಮಾಡಿದ್ದು, ಮಗನ ಅವಸರಕ್ಕೆ ಬಿದ್ದು, ಹಿಂದಿನ ಗಟರ್‌ನ ತೂತು ಮುಚ್ಚಿಸಿ, ಪೇಟೆಯ ಅಂಗಡಿಯೊಂದರವರಿಂದ ಅದರ ಮೇಲೆ ಸಣ್ಣ ಕಣ್ಣಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿಸಿದ್ದು. ಜುಲೈ ಎರಡನೇ ವಾರ ಹಾಕಿದ್ದು. ಆಗಸ್ಟ್ 3ಕ್ಕೆ, ಕಕ್ಕಡ 18ರ ದಿನ, ಮದ್ದುಸೊಪ್ಪಿನ ಪಾಯಸ ತಿನ್ನಲು ಕರೆದರು. ಪಾಯಸ ಬಟ್ಟಲಲ್ಲಿರುವಾಗಲೇ ಅಡುಗೆಮನೆಯ ಕಿಟಕಿಯಾಚೆ ನೀರು ಗಟರನ್ನು ದಾಟಿ ನೇರ ಬರೆಯ ಬುಡಕ್ಕೆ ಬೀಳುವುದು ಕಂಡಿತು. ಜಾಲರಿಯ ಕೆಳಗೆ ಗಟರ್ ಬಹುಪಾಲು ಖಾಲಿ. ನೀರು ಒಳಗೆ ಹೋಗುತ್ತಲೇ ಇರಲಿಲ್ಲ. ಯಜಮಾನರು ಏನೂ ಅನ್ನಲಿಲ್ಲ, ಇನ್ನೊಂದು ಸೌಟು ಪಾಯಸ ಹಾಕಿಸಿದರು. ಅನ್ನದೇ ಇದ್ದದ್ದೇ ಹೆಚ್ಚು ಚುಚ್ಚಿತು.

ಹತ್ತತ್ತು ಅಡಿಯ ಮೂರು ತುಂಡು

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಜಾಲರಿ ಬಿಚ್ಚಿಸಿದೆ. ಹಾಕಿದವರು ಅದನ್ನು ಕಬ್ಬಿಣದ ಸ್ಕ್ರೂ ಹೊಡೆದು ಕೂರಿಸಿದ್ದರು. ಎರಡೇ ತಿಂಗಳಲ್ಲಿ ಪ್ರತಿ ಸ್ಕ್ರೂವಿನ ಸುತ್ತ ಕೆಂಪು ಕಲೆ. ಎರಡು ಜಾತಿಯ ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಕೀಳು ಲೋಹ ಸವೆಯುತ್ತದೆ. ಸ್ಟೇನ್‌ಲೆಸ್ಸಿನ ಪಕ್ಕ ಸತು ಬಳಿದ ತಗಡು ಇದ್ದರೆ ಸವೆಯುವುದು ತಗಡು. ಆರು ತಿಂಗಳು ಒದ್ದೆ ಇರುವ ಊರಲ್ಲಿ ಇದು ಸಣ್ಣ ಮಾತಲ್ಲ.

ಮುಂದಿನ ಬೇಸಿಗೆಗೆ ಮೊದಲು ಒಂದು ಪ್ರಯೋಗ ಮಾಡೋಣ ಎಂದೆ. ಹಿಂಬದಿಯ ಸೂರಿಗೆ ಆರಿಂಚಿನ ಅಲ್ಯುಮಿನಿಯಂ ಗಟರ್‌ನ ಹತ್ತತ್ತು ಅಡಿಯ ಮೂರು ತುಂಡು, ಪ್ರತಿಯೊಂದಕ್ಕೂ ಬೇರೆ ಬಾಯಿ, ಬಾಯಿಯ ಕೆಳಗೆ ಒಂದೊಂದು ಡ್ರಮ್ಮು. ಒಂದಕ್ಕೆ ಅದೇ ಸಣ್ಣ ಕಣ್ಣಿನ ಜಾಲರಿ. ಎರಡನೆಯದಕ್ಕೆ ಐದು ಮಿಲಿಮೀಟರ್ ತೂತಿನ ಅಲ್ಯುಮಿನಿಯಂ ಹಲಗೆ. ಮೂರನೆಯದು ಬೋಳು. ಜನವರಿಯಲ್ಲಿ ಕೂರಿಸಿ, ಹೂಮಳೆ, ಅಂದರೆ ಕಾಫಿ ಹೂವರಳಿಸುವ ಬೇಸಿಗೆ ಮಳೆ, ಬೀಳಲಿ ಎಂದು ಕಾದೆವು. ಆ ವರ್ಷ ಹೂಮಳೆಗೆ ಕಾದವರಲ್ಲಿ ಕಾಫಿಗಲ್ಲದೆ ಗಟರ್‌ಗಾಗಿ ಕಾದವನು ನಾನೊಬ್ಬನೇ ಇರಬೇಕು.

ಮಾರ್ಚ್ ಕೊನೆಗೆ ಒಂದು ಸಂಜೆ ಬಂತು. ಮರುದಿನ ಹೋಗಿ ನೋಡಿದೆ.

ಸಣ್ಣ ಜಾಲರಿಯ ಒಳಗೆ ಒಂದೂ ಚೂರು ಹೋಗಿರಲಿಲ್ಲ, ಕಂಪನಿಯವರು ಹೇಳುವುದು ಸುಳ್ಳಲ್ಲ. ಆದರೆ ಸಿಲ್ವರ್ ಓಕಿನ ಚೂರು ನೆನೆದು ಜಾಲರಿಯ ಮೈಗೆ ಒದ್ದೆ ಕಾಗದದಂತೆ ಅಂಟಿತ್ತು. ಚೂರಿನ ಸಂದಿಗೆ ಪಾಚಿಯ ಲೋಳೆ, ಹೆಂಚಿನ ಪುಡಿ. ನೀರಿಗೆ ಅದೊಂದು ಜಾರುಬಂಡೆ. ಮಂಗಳೂರು ಹೆಂಚಿನದು ಇನ್ನೊಂದು ಗುಣವಿದೆ, ತಗಡಿನ ಮಾಡಿನ ಹಾಗೆ ಅದು ನೀರನ್ನು ಸಮನಾಗಿ ಚಾದರದಂತೆ ಬಿಡುವುದಿಲ್ಲ. ಹೆಂಚಿನ ಮೈಮೇಲಿನ ಕಾಲುವೆಗಳಲ್ಲಿ ಕೂಡಿಸಿ ಧಾರೆ ಧಾರೆಯಾಗಿ ಬಿಡುತ್ತದೆ. ಪ್ರತಿ ಧಾರೆ ಜಾಲರಿಯ ಅದೇ ಜಾಗಕ್ಕೆ ಅದೇ ರಭಸದಲ್ಲಿ ಬೀಳಬೇಕು. ಅಲ್ಲಿ ಅಂಗೈಯಗಲ ಕಂಬಳಿ ಕಟ್ಟಿದರೆ ಮುಗಿಯಿತು, ಪಕ್ಕದಲ್ಲಿ ಜಾಲರಿ ಎಷ್ಟು ಚೊಕ್ಕಟವಿದ್ದರೂ ಉಪಯೋಗವಿಲ್ಲ. ಜಾಲರಿಯ ಡ್ರಮ್ಮಿನಲ್ಲಿ ಮೊಳ ನೀರೂ ಇರಲಿಲ್ಲ.

ತೂತಿನ ಹಲಗೆಯದು ತಮಾಷೆ. ಸೀಳೆಲೆಯ ತೊಟ್ಟುಗಳು ತೂತಿಗೆ ಚುಚ್ಚಿಕೊಂಡು ನೆಟ್ಟಗೆ ನಿಂತಿದ್ದವು, ಆಗ ತಾನೇ ನಾಟಿ ಮಾಡಿದ ಗದ್ದೆಯ ಹಾಗೆ. ಕೈಯಿಂದ ಒಂದೊಂದೇ ಕೀಳಬೇಕು. ಸಣ್ಣ ಚೂರುಗಳು ಒಳಗೂ ಹೋಗಿದ್ದವು, ಹೋದವನ್ನು ತೆಗೆಯಲು ಹಲಗೆ ಬಿಚ್ಚಬೇಕು. ಎರಡೂ ಕಡೆಯ ಕಷ್ಟ ಇದೊಂದರಲ್ಲೇ.

ಬೋಳು ಗಟರ್‌ನ ಡ್ರಮ್ಮು ತುಂಬಿ ಹೊರಗೆ ಚೆಲ್ಲಿತ್ತು. ಮೇಲೆ ಮುಷ್ಟಿ ಗಾತ್ರದ ಎಲೆಗಂಟು ತೇಲುತ್ತಿತ್ತು. ಗಟರ್‌ನೊಳಗೆ ನಾಲ್ಕು ಹಲಸಿನೆಲೆ, ತಳದಲ್ಲಿ ಸ್ವಲ್ಪ ಕೆಸರು. ಮಿಕ್ಕಿದ್ದನ್ನು ನೀರೇ ಹೊತ್ತು ತಂದು ಕೆಳಗೆ ಹಾಕಿತ್ತು, ಏಕೆಂದರೆ ದಾರಿಯಲ್ಲಿ ಅದನ್ನು ತಡೆಯಲು ಬೆಂಡೂ ಇರಲಿಲ್ಲ, ಪೈಪೂ ಇರಲಿಲ್ಲ, ಬಲೆಯೂ ಇರಲಿಲ್ಲ.

ಯಜಮಾನರು ಡ್ರಮ್ಮಿನ ಎಲೆಗಂಟನ್ನು ಎಡಗೈಯಲ್ಲಿ ಎತ್ತಿ ಕಾಫಿ ಗಿಡದ ಬುಡಕ್ಕೆ ಎಸೆದರು. ‘ಇಷ್ಟು ಕೆಲಸ ನೆಲದಲ್ಲಿ ನಿಂತು ಮಾಡಬಹುದು’ ಎಂದರು. ಪ್ರಕರಣ ತೀರ್ಮಾನವಾದದ್ದು ಅಲ್ಲಿ. ಅಲ್ಲಿಯವರೆಗೆ ಕಸವನ್ನು ಮೇಲೆ ಹೇಗೆ ತಡೆಯುವುದು ಎಂದು ತಲೆ ಕೆಡಿಸಿಕೊಂಡಿದ್ದೆ. ಅವರಿಗೆ ಬೇಕಾದದ್ದು ಕಸ ಕೆಳಗೆ ಇಳಿದು ಬರುವುದು.

ಬೇರೆ ಬಗೆಯವನ್ನೂ ವಿಚಾರಿಸಿದ್ದೆ. ಬಾಟಲಿ ತೊಳೆಯುವ ಬ್ರಷ್ಷಿನಂಥದ್ದು, ಗಟರ್‌ನೊಳಗೆ ಮಲಗಿಸುವುದು: ಸಿಲ್ವರ್ ಓಕಿನ ಚೂರಿಗೆ ಅದು ಹಕ್ಕಿಗೂಡು. ಸ್ಪಂಜಿನ ತುಂಡು ತುರುಕುವುದು: ನಮ್ಮಲ್ಲಿ ಒಂದೇ ಮಳೆಗಾಲದಲ್ಲಿ ಅದರ ಮೇಲೆ ಜರಿಗಿಡ ಬೆಳೆದೀತು. ಮೂತಿ ಬಾಗಿದ ಮುಚ್ಚಳ, ನೀರು ಅಂಟಿಕೊಂಡು ತಿರುಗಿ ಒಳಗೆ ಇಳಿಯುವಂಥದ್ದು: ನಿಧಾನದ ಮಳೆಗೆ ಬಹಳ ಚೆನ್ನ, ಹೆಂಚಿನಿಂದ ಹಾರಿ ಬರುವ ಧಾರೆಗೆ ಅಲ್ಲ. ಅಗಲ ಎಲೆಯ ಮರ ಮಾತ್ರ ಇರುವ, ಮಾಡಿನ ಇಳಿಜಾರು ಕಡಿಮೆ ಇರುವ ಮನೆಗೆ ತೂತಿನ ಹಲಗೆ ಹಾಕಲು ನಾನೇ ಹೇಳಿದ್ದೇನೆ, ಹಾಕಿಸಿದವರು ಖುಷಿಯಾಗಿದ್ದಾರೆ. ವಿರಾಜಪೇಟೆ ಕಡೆಯ ಒಂದು ಮನೆಗೆ ಹತ್ತಿರ ಬರೀ ಹಲಸು, ಮಾವು. ಅಲ್ಲಿ ಒಣಗಾಳಿ ಬಂದರೆ ಎಲೆ ತಾನೇ ಹಾರಿಹೋಗುತ್ತದೆ. ಸಿಲ್ವರ್ ಓಕ್ ಇದ್ದಲ್ಲಿ ಲೆಕ್ಕವೇ ಬೇರೆ.

ಮರ ಕಡಿಯುವ ಮಾತನ್ನು ಮಗ ಎತ್ತಿದ. ಅಪ್ಪ ಉತ್ತರಿಸಲೇ ಇಲ್ಲ, ಮೆಣಸಿನ ಬಳ್ಳಿಯ ಕಡೆ ನೋಡಿದರು ಅಷ್ಟೆ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯವರು ತೋಟಕ್ಕೆ ಬಂದಾಗಲೇ ಸವರಿಸುವುದು ಎಂದಾಯಿತು. ಸಿಲ್ವರ್ ಓಕಿನ ಕೊಂಬೆ ಪೆಳಸು, ಕಕ್ಕಡದ ಗಾಳಿಗೆ ಮುರಿದು ಹೆಂಚಿನ ಮೇಲೆ ಬೀಳುವುದು ತಪ್ಪಿದ್ದು ಅದರ ಇನ್ನೊಂದು ಲಾಭ.

ಹಾಕಿದ್ದು, ಹಾಕದೆ ಬಿಟ್ಟದ್ದು

ಮುಂಬದಿಗೆ ಗಟರ್ ಬೇಡವೇ ಬೇಡ ಎಂದೆ. ಮಗನಿಗೆ ಇದು ಒಪ್ಪಿಗೆಯಾಗಲು ಮೂರು ಫೋನು ಬೇಕಾಯಿತು. ‘ಗಟರ್ ಹಾಕಲು ಕರೆದರೆ ತೆಗೆಯಲು ಹೇಳುತ್ತೀರಲ್ಲ’ ಎಂದು. ನಮ್ಮ ಹಳೆಯ ಐನ್‌ಮನೆಗಳನ್ನು, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳನ್ನು ನೋಡಿ, ಉದ್ದನೆಯ ಸೂರು ಚಾಚಿ, ಸೂರಿನ ನೀರು ಬೀಳುವ ಗೆರೆಗೆ ಕಲ್ಲು ಹಾಸಿ, ಆ ನೀರನ್ನು ಚರಂಡಿಗೆ ತಿರುಗಿಸಿ ನೂರಾರು ಮಳೆಗಾಲ ಕಳೆದಿದ್ದಾರೆ. ನೀರು ಗೋಡೆಗೆ ತಾಗದೆ, ನೆಲಕ್ಕೆ ಇಂಗದೆ ಹರಿದು ಹೋಗುವ ಜಾಗ ಇದ್ದರೆ ಗಟರ್ ಯಾಕೆ? ಈ ಮನೆಯ ಮುಂದಿನ ಸೂರು ಗೋಡೆಯಿಂದ ಮೂರಡಿ ಹೊರಗಿದೆ, ಅಂಗಳ ಮನೆಯಿಂದ ಆಚೆಗೆ ಇಳಿಜಾರಾಗಿದೆ. ಸೂರಿನ ಗೆರೆಯ ಉದ್ದಕ್ಕೂ ಎರಡಡಿ ಅಗಲ, ಒಂದಡಿ ಆಳ ತೋಡಿ, ತಳಕ್ಕೆ ಓಟ ಕೊಟ್ಟು ಸಿಮೆಂಟು ಬಳಿದು, ಮೇಲೆ 40 ಮಿಲಿಮೀಟರಿನ ಜಲ್ಲಿ ತುಂಬಿಸಿದೆವು. ಬರಿ ಮಣ್ಣಿಗೆ ಬಿದ್ದ ನೀರು ಗೋಡೆಗೆ ಕೆಂಪು ಎರಚುತ್ತದೆ, ಜಲ್ಲಿಗೆ ಬಿದ್ದದ್ದು ಅಲ್ಲೇ ಮುರಿದು ಇಳಿಯುತ್ತದೆ. ಮೆಟ್ಟಿಲಿನ ಮೇಲೆ ಮಾತ್ರ ಎಂಟಡಿ ಗಟರ್ ತುಂಡು ಉಳಿಸಿದೆವು, ಇಲ್ಲದಿದ್ದರೆ ಮನೆಗೆ ಬಂದವರ ನೆತ್ತಿಗೆ ಅಭಿಷೇಕ.

ಉಳಿಸಿದ ದುಡ್ಡೆಲ್ಲ ಹಿಂಬದಿಗೆ ಸುರಿದೆವು. ಅಲ್ಲಿ ಗಟರ್ ಬೇಕೇ ಬೇಕು. ನಾಲ್ಕೂವರೆ ಅಡಿ ಓಣಿಯಲ್ಲಿ ಸೂರಿನ ನೀರು ಬಿದ್ದರೆ ಒಂದೋ ಗೋಡೆಗೆ, ಇಲ್ಲವೋ ಬರೆಗೆ.

ಪಿವಿಸಿ ಅಗ್ಗ, ತುಕ್ಕಿಲ್ಲ. ಆದರೆ 50 ಅಡಿ ಉದ್ದದ ಪಿವಿಸಿ, ಚಳಿಯ ಬೆಳಗಿಗೂ ಬಿಸಿಲಿನ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸವಾದರೆ ಸುಮಾರು ಮೂರು ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಗಮ್ ಹಾಕಿದ ಜಾಯಿಂಟು ಎಷ್ಟು ವರ್ಷ ತಡೆದೀತು? ಅಲ್ಯುಮಿನಿಯಂ ಅದೇ ಅಂತರಕ್ಕೆ ಸುಮಾರು ಒಂದು ಸೆಂಟಿಮೀಟರ್. ಜತೆಗೆ ಮಂಗಗಳು. ಈ ತೋಟದ ಮಂಗಗಳಿಗೆ ಗಟರ್ ಎಂದರೆ ಫುಟ್‌ಪಾತು, ಒಂದು ಹಿಂಡು ಓಡಿದರೆ ಬಿಸಿಲು ತಿಂದು ಪೆಳಸಾದ ಪಿವಿಸಿಯ ಗತಿ ಊಹಿಸಬಹುದು. ಆರಿಂಚಿನ ಅರ್ಧಗೋಲ ಅಲ್ಯುಮಿನಿಯಂ ಎಂದು ತೀರ್ಮಾನವಾಯಿತು. ಎರಡಡಿಗೊಂದು ಬ್ರಾಕೆಟ್ಟು, ಮಾಡು ಹೊರುವ ಪಕ್ಕಾಸಿಗೆ ನೇರ ಹೊಡೆದದ್ದು, ಹೆಂಚು ಕೂರುವ ಸಣ್ಣ ರೀಪಿಗೆ ಅಲ್ಲ. ರಿವೆಟ್ಟೂ ಅಲ್ಯುಮಿನಿಯಂದೇ.

ನಡುವೆ ಎತ್ತರ, ಎರಡೂ ಕಡೆಗೆ ಇಳುಕಲು, 25 ಅಡಿಗೆ ಎರಡು ಇಂಚು. ಅಂಗಡಿಯವರು ಸಾಮಾನ್ಯವಾಗಿ ಕೊಡುವುದಕ್ಕಿಂತ ಇದು ಹೆಚ್ಚು, ನೆಲದಲ್ಲಿ ನಿಂತು ನೋಡಿದರೆ ಸೊಟ್ಟ ಕಾಣುತ್ತದೆ. ಹಿತ್ತಿಲಲ್ಲಿ ಚಂದ ನೋಡುವವರು ಯಾರು? ಹೀಗೆ ಒಡೆದದ್ದರಿಂದ ಒಂದೊಂದು ಅರ್ಧಕ್ಕೆ ಸೆಕೆಂಡಿಗೆ ಒಂದು ಲೀಟರ್ ಬಂತು. ಆರಿಂಚಿನ ಗಟರ್ ಮಟ್ಟವಾಗಿದ್ದರೂ ಎರಡು ಲೀಟರ್ ಒಯ್ಯಬಲ್ಲದು. ಅರ್ಧ ಹೊಟ್ಟೆ ಎಲೆಗೆ ಮೀಸಲು ಎಂದು ಲೆಕ್ಕ. ಮುಚ್ಚಳ ಇಲ್ಲ, ಜಾಲರಿ ಇಲ್ಲ. ಹೆಂಚಿನ ಅಂಚು ಗಟರ್‌ನೊಳಗೆ ಎರಡು ಇಂಚು ಚಾಚಿಕೊಂಡಿದೆ, ಧಾರೆ ಹಾರಿ ಹೊರಗೆ ಬೀಳದ ಹಾಗೆ.

ತುದಿಗಳಲ್ಲಿ ಪೈಪಿಲ್ಲ. ಗಟರ್ ಗೋಡೆಯ ಮೂಲೆ ದಾಟಿ ಒಂದೂವರೆ ಅಡಿ ಮುಂದೆ ಹೋಗಿ ಬಾಯಿ ತೆರೆದು ನಿಲ್ಲುತ್ತದೆ, ಹಳೇ ಕಾಲದ ದಂಬೆಯ ಹಾಗೆ. ಕೆಳಗೆ ಎರಡಡಿ ಚೌಕದ ಇಟ್ಟಿಗೆ ತೊಟ್ಟಿ, ಅದರ ಬಾಯಿಗೆ ಕೈಯಲ್ಲಿ ಎತ್ತಬಹುದಾದ ಕಬ್ಬಿಣದ ಜಾಲಿ. ಎಲೆ ಜಾಲಿಯ ಮೇಲೆ ನಿಲ್ಲುತ್ತದೆ, ನೀರು ಕೆಳಗಿಳಿದು ಸಿಮೆಂಟು ಚರಂಡಿಯಲ್ಲಿ ಮನೆ ದಾಟಿ ತೋಡಿಗೆ ಸೇರುತ್ತದೆ. ಮಗನ ಇನ್ನೊಂದು ಆಸೆ ಇಂಗುಗುಂಡಿ. ಬಯಲು ಸೀಮೆಯಲ್ಲಿ ಒಳ್ಳೆಯದೇ. 12 ಅಡಿ ಬರೆಯ ಬುಡದಲ್ಲಿ ಮಳೆನೀರು ಇಂಗಿಸುವುದಕ್ಕೆ ನಾನು ಕೈ ಹಾಕಲಾರೆ ಎಂದೆ. ಟ್ಯಾಂಕಿಗೆ ತುಂಬಿಸೋಣವೇ ಎಂದ. ಆ ಮಗ್ಗುಲಿಗೆ ಒಂದು ಇಂಚು ಮಳೆ ಬಿದ್ದರೆ 1,900 ಲೀಟರ್ ಹತ್ತಿರ ಬರುತ್ತದೆ, ಸಾವಿರ ಲೀಟರಿನ ಟ್ಯಾಂಕು ಒಂದು ತುಂತುರಿಗೆ ತುಂಬಿ ಉಳಿದ ಮೂರು ತಿಂಗಳು ಸುಮ್ಮನೆ ಕೂರುತ್ತದೆ. ಆ ಮಾತು ಅಲ್ಲಿಗೆ ನಿಂತಿತು.

ಎರಡು ಮಳೆಗಾಲ

ಮೇ ಕೊನೆಗೆ ಕೆಲಸ ಮುಗಿಯಿತು. ಎರಡು ಮಳೆಗಾಲ ಕಳೆದಿವೆ. ಅಡುಗೆಮನೆಯ ಗೋಡೆ ಮೊದಲ ವರ್ಷ ಒಣಗಲಿಲ್ಲ, ಹೀರಿಕೊಂಡ ನೀರು ಬಿಡಲು ಒಂದು ಬೇಸಿಗೆ ಬೇಕಾಯಿತು. ಎರಡನೇ ವರ್ಷ ಸುಣ್ಣ ಹೊಡೆಸಿದರು, ನಿಂತಿದೆ. ಬರೆಯ ಬುಡದಲ್ಲಿ ಈಗ ಹುಲ್ಲು ಹಿಡಿದಿದೆ. ಹೆಂಚಿನಿಂದ ಬರುವ ಕೆಂಪು ಕೆಸರು ಗಟರ್‌ನ ತಳದಲ್ಲಿ ವರ್ಷಕ್ಕೆ ಬೆರಳು ದಪ್ಪ ಕೂರುತ್ತದೆ, ಅದನ್ನು ಯಾವ ಉಪಾಯವೂ ತಪ್ಪಿಸಲಿಲ್ಲ. ಹಿಂದಿನ ಸೂರು ನೆಲದಿಂದ ಎಂಟಡಿ ಅಷ್ಟೆ. ಆರಡಿ ಬಿದಿರ ಕೋಲಿನ ತುದಿಗೆ ಅರ್ಧ ಕರಟ ಅಡ್ಡ ಕಟ್ಟಿ ನೆಲದಲ್ಲೇ ನಿಂತು ಎಳೆಯಬಹುದು. ಹೂಮಳೆಯ ಮರುದಿನ ಒಮ್ಮೆ, ಮೇ ಕೊನೆಗೆ ಒಮ್ಮೆ. ಜಾಲರಿ ಹಾಕಿದ್ದರೆ ಈ ಕರಟ ಒಳಗೆ ಹೋಗುತ್ತಲೇ ಇರಲಿಲ್ಲ.

ತೊಂದರೆ ಇಲ್ಲವೆಂದಲ್ಲ. ತೆಂಕಣ ತುದಿಯ ಬಾಯಿ ಮಲಗುವ ಕೋಣೆಯ ಕಿಟಕಿಯ ಪಕ್ಕಕ್ಕೇ ಬಂದಿದೆ. ರಾತ್ರಿ ಎಂಟಡಿ ಎತ್ತರದಿಂದ ತೊಟ್ಟಿಗೆ ನೀರು ಬೀಳುವ ಸದ್ದಿಗೆ ಮನೆಯಾಕೆಗೆ ನಿದ್ದೆ ಬರುತ್ತಿರಲಿಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ದನ ಕಟ್ಟುತ್ತಿದ್ದ ಹಳೆಯ ಸರಪಳಿಯೊಂದನ್ನು ಗಟರ್ ಬಾಯಿಯಿಂದ ತೊಟ್ಟಿಯವರೆಗೆ ಇಳಿಬಿಟ್ಟೆವು, ಸಣ್ಣ ಮಳೆಗೆ ನೀರು ಅದನ್ನೇ ಹಿಡಿದು ಇಳಿಯುತ್ತದೆ. ಜೋರು ಮಳೆಗೆ ಸರಪಳಿ ಲೆಕ್ಕಕ್ಕಿಲ್ಲ, ಆದರೆ ಜೋರು ಮಳೆಗೆ ಹೆಂಚಿನ ಸದ್ದೇ ಸಾಕಷ್ಟು ಇರುತ್ತದೆ. ಮುಂದಿನ ಜಲ್ಲಿಯಲ್ಲಿ ಹುಲ್ಲು ಏಳುತ್ತದೆ. ಮಂಗಗಳು ಒಂದು ಬ್ರಾಕೆಟ್ ಬಗ್ಗಿಸಿವೆ.

ಈ ಮಾರ್ಚಿನಲ್ಲಿ ಹೂಮಳೆ ಬಿದ್ದ ಮರುದಿನ ಆ ದಾರಿಯಲ್ಲೇ ಹೋಗುತ್ತಿದ್ದವನು ಇಳಿದು ನೋಡಿದೆ. ತೊಟ್ಟಿಯ ಜಾಲಿಯ ಮೇಲೆ ಒಂದು ಬುಟ್ಟಿಯಷ್ಟು ಒದ್ದೆ ಎಲೆ, ಮನೆಯಾಕೆ ಅದನ್ನು ಬಾಚಿ ಆಂಥೂರಿಯಂ ಕುಂಡಗಳಿಗೆ ಹಾಕುತ್ತಿದ್ದರು. ಯಜಮಾನರು ಕಾಣಲಿಲ್ಲ. ಎಲ್ಲಿ ಎಂದು ಕೇಳಿದೆ. ಮನೆಯಾಕೆ ಬರೆಯ ಮೇಲಕ್ಕೆ ಕೈ ತೋರಿಸಿದರು. ಸಿಲ್ವರ್ ಓಕಿಗೆ ಒಂಟಿ ಬಿದಿರಿನ ಏಣಿ ಒರಗಿತ್ತು, ಅದರ ಹದಿನೈದನೇ ಅಡಿಯಲ್ಲಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಉಳಿದ ಕಾಳುಮೆಣಸು ಕೊಯ್ಯುತ್ತಿದ್ದರು.

ನನ್ನನ್ನು ನೋಡಿ ಮೇಲಿನಿಂದಲೇ ಹೇಳಿದರು, ‘ಮಗನಿಗೆ ಫೋನು ಮಾಡಿದರೆ ಗಟರ್ ವಿಷಯ ಮಾತ್ರ ಹೇಳಿ.’